ಗಂಟೆ ಲೆಕ್ಕದ ಅಂಗಡಿ ಕೆಲಸದಲ್ಲಿ ಸಂಬಳ ಸೋರುವುದೆಲ್ಲಿ?

ಪ್ರಶ್ನೆ: ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಗಂಟೆ ಲೆಕ್ಕದ ಸಂಬಳಕ್ಕೆ ಕೆಲಸ ಮಾಡುತ್ತಿದ್ದೇನೆ. ಬಿಲ್ಲಿಂಗ್, ಸ್ಟಾಕ್ ಎರಡೂ ನೋಡಬೇಕು. ಶಿಫ್ಟ್‌ಗೆ ಮೊದಲು ಹನ್ನೆರಡು ನಿಮಿಷ ಮೀಟಿಂಗ್, ಪಂಚ್ ಔಟ್ ಆದ ಮೇಲೆ ಕ್ಯಾಶ್ ಟ್ಯಾಲಿ, ಬ್ಯಾಗ್ ತಪಾಸಣೆ ಅಂತ ಇಪ್ಪತ್ತು ನಿಮಿಷ. ಇದ್ಯಾವುದೂ ಲೆಕ್ಕಕ್ಕಿಲ್ಲ. ರಾತ್ರಿ ಕ್ಲೋಸಿಂಗ್ ಮಾಡಿದವರಿಗೇ ಬೆಳಿಗ್ಗೆ ಓಪನಿಂಗ್ ಹಾಕುತ್ತಾರೆ. ಕ್ಯಾಶ್ ಕಮ್ಮಿ ಬಂದರೆ ಸಂಬಳದಲ್ಲಿ ಹಿಡಿಯುತ್ತಾರೆ. ದಿನವಿಡೀ ನಿಂತು ಕಾಲು ಊದುತ್ತದೆ. ಕೆಲಸ ಕಳೆದುಕೊಳ್ಳದೆ ಇದನ್ನೆಲ್ಲ ಕೇಳುವುದು ಹೇಗೆ?

ಉತ್ತರ: ನೀವು ಹೇಳಿದ ತೊಂದರೆಗಳಲ್ಲಿ ಮೊದಲು ಕೈಹಾಕಬೇಕಾದದ್ದು ನಿಮಿಷಗಳ ಲೆಕ್ಕಕ್ಕೆ. ತಿಂಗಳ ಸಂಬಳದವರು ಹತ್ತು ನಿಮಿಷ ಹೆಚ್ಚು ನಿಂತರೆ ಬೇಸರಪಟ್ಟು ಸುಮ್ಮನಾಗಬಹುದು. ಗಂಟೆ ಲೆಕ್ಕದವರಿಗೆ ಅದು ನೇರವಾಗಿ ಕೈತಪ್ಪಿದ ದುಡ್ಡು. ಆದರೂ ಹೆಚ್ಚಿನವರು ಗಂಟೆಗೆ ಎಷ್ಟು ಕೊಡುತ್ತಾರೆ ಎಂಬುದನ್ನು ಗಟ್ಟಿಯಾಗಿ ಕೇಳುತ್ತಾರೆ, ಎಷ್ಟು ಗಂಟೆ ಎಂದು ಬರೆದುಕೊಂಡಿದ್ದಾರೆ ಎಂಬುದನ್ನು ನೋಡುವುದೇ ಇಲ್ಲ.

ನಿಮ್ಮ ಲೆಕ್ಕವನ್ನೇ ಹಾಕಿ ನೋಡೋಣ. ಶಿಫ್ಟ್‌ಗೆ ಮೊದಲು 12, ಆಮೇಲೆ 20, ಒಟ್ಟು ದಿನಕ್ಕೆ 32 ನಿಮಿಷ. ತಿಂಗಳಿಗೆ 26 ದಿನ ಕೆಲಸವೆಂದರೆ 832 ನಿಮಿಷ, ಅಂದರೆ 13 ಗಂಟೆ 52 ನಿಮಿಷ. ಎಂಟು ಗಂಟೆಯ ಶಿಫ್ಟ್ ಲೆಕ್ಕದಲ್ಲಿ ತಿಂಗಳಿಗೆ ಒಂದೂಮುಕ್ಕಾಲು ದಿನ ಪುಕ್ಕಟೆ. ವರ್ಷಕ್ಕೆ 166 ಗಂಟೆ, ಸುಮಾರು ಇಪ್ಪತ್ತೊಂದು ಶಿಫ್ಟ್. ಮ್ಯಾನೇಜರ್ ಎದುರು ‘ಸ್ವಲ್ಪ ಹೊತ್ತು’ ಎಂದರೆ ಯಾರೂ ಕಿವಿಗೊಡುವುದಿಲ್ಲ, ‘ವರ್ಷಕ್ಕೆ ಇಪ್ಪತ್ತೊಂದು ಶಿಫ್ಟ್’ ಎಂದರೆ ಕೇಳಲೇಬೇಕಾಗುತ್ತದೆ.

ಇಷ್ಟು ಸಣ್ಣ ಹೊತ್ತಿಗೆ ಯಾರು ಕೊಡುತ್ತಾರೆ ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯದ ಮುಂದೆ 2018ರಲ್ಲಿ ಇಂಥದೇ ಪ್ರಕರಣವಿತ್ತು. ಕಾಫಿ ಅಂಗಡಿಯ ನೌಕರನೊಬ್ಬ ಪಂಚ್ ಔಟ್ ಆದ ಮೇಲೆ ದಿನದ ಮಾರಾಟದ ಲೆಕ್ಕ ಕಳಿಸಿ, ಅಲಾರಂ ಹಾಕಿ, ಬಾಗಿಲಿಗೆ ಬೀಗ ಹಾಕಿ ಹೋಗಬೇಕಿತ್ತು. ದಿನಕ್ಕೆ 4ರಿಂದ 10 ನಿಮಿಷ. ಹದಿನೇಳು ತಿಂಗಳಲ್ಲಿ ಅದು 12 ಗಂಟೆ 50 ನಿಮಿಷವಾಗಿತ್ತು. ದಿನವೂ ತಪ್ಪದೆ ಮಾಡಿಸುವ ಕೆಲಸವನ್ನು ಕ್ಷುಲ್ಲಕ ಎಂದು ತಳ್ಳಿಹಾಕಲಾಗದು, ಸಂಬಳ ಕೊಡಬೇಕು ಎಂದು ತೀರ್ಪಾಯಿತು. ಅಂಗಡಿ ಬಿಡುವಾಗ ನಡೆಯುವ ಬ್ಯಾಗ್ ತಪಾಸಣೆಯ ಸಾಲಿನ ಹೊತ್ತೂ ಕೆಲಸದ ಹೊತ್ತೇ ಎಂದು ಅದೇ ನ್ಯಾಯಾಲಯ 2020ರಲ್ಲಿ ಹೇಳಿತು. ಆದರೆ ಅಮೆರಿಕದ ಸುಪ್ರೀಂ ಕೋರ್ಟ್ ಒಕ್ಕೂಟದ ಕಾನೂನಿನಡಿ ಗೋದಾಮಿನ ತಪಾಸಣೆಯ ಹೊತ್ತಿಗೆ ಸಂಬಳ ಕೊಡಬೇಕಿಲ್ಲ ಎಂದು 2014ರಲ್ಲೇ ಹೇಳಿತ್ತು. ಒಂದೇ ದೇಶದೊಳಗೆ ಇಷ್ಟು ವ್ಯತ್ಯಾಸ. ಹಾಗಾಗಿ ತಪಾಸಣೆಯ ಹೊತ್ತಿನ ಬಗ್ಗೆ ನಿಮ್ಮಲ್ಲಿನ ನಿಯಮ ನೋಡಿಕೊಂಡೇ ಮಾತಾಡಿ. ಮೀಟಿಂಗ್ ಮತ್ತು ಟ್ಯಾಲಿಯ ವಿಷಯದಲ್ಲಿ ನಿಮ್ಮ ಕಡೆ ಬಲ ಹೆಚ್ಚು. ಆ ಹೊತ್ತಿನಲ್ಲಿ ನೀವು ಸುಮ್ಮನೆ ಎದ್ದು ಹೋದರೆ ಮೆಮೊ ಬರುತ್ತದೆಯೇ? ಬರುತ್ತದೆ ಎಂದಾದರೆ ಅದನ್ನು ನಿಮ್ಮ ಸ್ವಂತ ಹೊತ್ತು ಎನ್ನಲು ಅವರಿಗೂ ಕಷ್ಟ.

ಇದಕ್ಕೆಲ್ಲ ಬೇಕಾದ ಆಧಾರ ಒಂದು ನೋಟ್‌ಬುಕ್. ಹಾಳೆ ಕಿತ್ತರೆ ಗೊತ್ತಾಗುವಂಥ, ಹೊಲಿಗೆ ಹಾಕಿದ ಪುಸ್ತಕವಿರಲಿ, ಪೆನ್ನಿನಲ್ಲಿ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ಉಜ್ಜಿ ಅಳಿಸಬೇಡಿ. ಅವತ್ತಿನದು ಅವತ್ತೇ ಬರೆಯಬೇಕು. ವಾರದ ಕೊನೆಗೆ ಕೂತು ನೆನಪಿನಿಂದ ಬರೆದರೆ ಎಲ್ಲ ದಿನವೂ ‘10ರಿಂದ 7’ ಎಂದೇ ಬರುತ್ತದೆ. ಅಷ್ಟು ದುಂಡಗಿನ ಲೆಕ್ಕವನ್ನು ನೋಡಿದ ಯಾವ ಅಧಿಕಾರಿಯೂ ನಂಬುವುದಿಲ್ಲ. ಒಂದು ದಿನದ ನಮೂದು ಹೀಗಿರಲಿ:

‘ಮಂಗಳವಾರ. ಅಂಗಡಿಯೊಳಗೆ 9:46. ಮೀಟಿಂಗ್ 9:48–10:00. ಪಂಚ್ ಇನ್ 10:01. ಊಟ 2:10ಕ್ಕೆ, 2:24ಕ್ಕೆ ಕೌಂಟರ್‌ಗೆ ವಾಪಸ್ ಕರೆದರು. ಪಂಚ್ ಔಟ್ 7:02. ಟ್ಯಾಲಿ 7:04–7:17. ಬ್ಯಾಗ್ ತಪಾಸಣೆ ಸಾಲು, ಹೊರಗೆ ಬಂದದ್ದು 7:23.’

ಯಾರು ಕರೆದರು, ಯಾರ ಜೊತೆ ಟ್ಯಾಲಿ ಮಾಡಿದಿರಿ ಎಂಬುದನ್ನೂ ಒಂದು ಪದದಲ್ಲಿ ಸೇರಿಸಿ. ಪುಸ್ತಕ ಮನೆಯಲ್ಲಿರಲಿ, ಅಂಗಡಿಯ ಲಾಕರ್‌ನಲ್ಲಿ ಬೇಡ. ಶಿಫ್ಟ್ ಚಾರ್ಟ್ ಬದಲಾಗುವ ಮೊದಲೇ ನಿಮ್ಮ ಹೆಸರಿನ ಸಾಲಿನ ಫೋಟೊ ತೆಗೆದುಕೊಳ್ಳಿ. ಗಿರಾಕಿಗಳ ಬಿಲ್ಲು, ಮಾರಾಟದ ಅಂಕಿಅಂಶ, ಕಂಪ್ಯೂಟರ್ ಪರದೆಯ ಫೋಟೊ ಮಾತ್ರ ತೆಗೆಯಲೇಬೇಡಿ. ನ್ಯಾಯ ನಿಮ್ಮ ಕಡೆ ಇದ್ದಾಗಲೂ ಕಂಪನಿ ಮಾಹಿತಿ ಕದ್ದ ಆರೋಪ ಹೊರಿಸಲು ಅಷ್ಟು ಸಾಕು.

ಈ ಪುಸ್ತಕಕ್ಕೆ ಬೆಲೆ ಇದೆ. ಮಾಲೀಕ ಸರಿಯಾದ ಸಮಯದ ದಾಖಲೆ ಇಟ್ಟಿರದಿದ್ದರೆ, ಕೆಲಸಗಾರ ಕೊಡುವ ನ್ಯಾಯಯುತ ಅಂದಾಜನ್ನು ಒಪ್ಪಬಹುದು, ಅದು ತಪ್ಪೆಂದು ತೋರಿಸುವ ಹೊಣೆ ಮಾಲೀಕನದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1946ರ ಮೌಂಟ್ ಕ್ಲೆಮೆನ್ಸ್ ಪಾಟರಿ ಪ್ರಕರಣದಲ್ಲಿ ಹೇಳಿತ್ತು. ಪ್ರತಿ ದಿನದ ಕೆಲಸದ ಹೊತ್ತನ್ನು ಅಳೆಯುವ ನಂಬಲರ್ಹ ವ್ಯವಸ್ಥೆಯನ್ನು ಮಾಲೀಕರೇ ಇಡಬೇಕು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿತು.

ಒಂದು ತಿಂಗಳ ನಮೂದು ಕೈಯಲ್ಲಿದ್ದಾಗ ಪೇ ಸ್ಲಿಪ್ ಪಕ್ಕದಲ್ಲಿಟ್ಟು ಕೂತುಕೊಳ್ಳಿ. ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ದಶಮಾಂಶದ್ದು. 7 ಗಂಟೆ 45 ನಿಮಿಷ ಎಂದರೆ 7.75 ಗಂಟೆ. ಅದನ್ನು ಎಕ್ಸೆಲ್‌ನಲ್ಲಿ 7.45 ಎಂದು ಹೊಡೆದರೆ ಒಂದೇ ಶಿಫ್ಟ್‌ನಲ್ಲಿ 18 ನಿಮಿಷ ಹೋಯಿತು. ಬೇಕೆಂದು ಮಾಡಿದ್ದಲ್ಲದಿರಬಹುದು, ತೋರಿಸಿದರೆ ಅಂದೇ ಸರಿಹೋಗುವುದೂ ಉಂಟು. ಮೊದಲು ಇದನ್ನೇ ಹುಡುಕಿ. ಜಗಳವಿಲ್ಲದೆ ಮುಗಿಯುವ ವಿಷಯದಿಂದ ಮಾತು ಶುರುವಾದರೆ ಮುಂದಿನ ಮಾತಿಗೂ ದಾರಿಯಾಗುತ್ತದೆ.

ಆಮೇಲೆ ರೌಂಡಿಂಗ್ ನೋಡಿ. ಹಲವು ಪಂಚ್ ಯಂತ್ರಗಳು ಹತ್ತಿರದ ಕಾಲು ಗಂಟೆಗೆ ಸಮಯವನ್ನು ಸರಿಸುತ್ತವೆ. 10:07ಕ್ಕೆ ಒತ್ತಿದರೆ 10:00, 10:08ಕ್ಕೆ ಒತ್ತಿದರೆ 10:15. ಹೋಗುವಾಗ 7:07 ಆದರೆ 7:00, 7:08 ಆದರೆ 7:15. ಎರಡೂ ದಿಕ್ಕಿಗೆ ಸಮನಾಗಿ ಸರಿದರೆ ತಿಂಗಳ ಕೊನೆಗೆ ಹೆಚ್ಚುಕಡಿಮೆ ಸೊನ್ನೆಗೆ ಬಂದು ನಿಲ್ಲುತ್ತದೆ. ಆದರೆ ತಡವಾಗಿ ಬಂದರೆ ಮೆಮೊ ಕೊಡುವ, ಹೊರಡುವಾಗ ‘ಇನ್ನೈದು ನಿಮಿಷ ಇರಿ’ ಎನ್ನುವ ಅಂಗಡಿಯಲ್ಲಿ ಅದು ಸಮನಾಗುವುದೇ ಇಲ್ಲ. ಬರುವವರೆಲ್ಲ ಬೇಗ ಬಂದಿರುತ್ತಾರೆ, ಹೋಗುವವರೆಲ್ಲ ತಡವಾಗಿ ಹೋಗಿರುತ್ತಾರೆ, ಎರಡೂ ಕಡೆಯ ಏಳೇಳು ನಿಮಿಷ ಅಂಗಡಿಯ ಪಾಲಾಗುತ್ತದೆ. ಮೂರು ತಿಂಗಳ ವ್ಯತ್ಯಾಸವನ್ನು ಪ್ಲಸ್ ಮೈನಸ್ ಹಾಕಿ ಕೂಡಿಸಿ. ಮೂರೂ ತಿಂಗಳು ಒಂದೇ ಕಡೆ ವಾಲಿದ್ದರೆ ಅದು ಯಂತ್ರದ ಗುಣವಲ್ಲ, ಅಂಗಡಿ ಇಟ್ಟುಕೊಂಡ ಪದ್ಧತಿ.

ಊಟದ ಅರ್ಧ ಗಂಟೆ ತಾನಾಗಿಯೇ ಕಟ್ ಆಗುವ ಸೆಟ್ಟಿಂಗ್ ಕೂಡ ಹೀಗೆಯೇ. ನೀವು ಹದಿನಾಲ್ಕು ನಿಮಿಷಕ್ಕೆ ಎದ್ದು ಬಂದರೂ ಯಂತ್ರ ಮೂವತ್ತನ್ನೇ ಕಳೆಯುತ್ತದೆ. ಸಂಬಳವಿಲ್ಲದ ವಿರಾಮ ಎಂದರೆ ಕೆಲಸದಿಂದ ಪೂರ್ತಿ ಬಿಡುಗಡೆ ಇರಬೇಕು. ಕೌಂಟರ್ ಮೇಲೆ ಕಣ್ಣಿಟ್ಟು ಡಬ್ಬಿ ತೆರೆದದ್ದು ವಿರಾಮವಲ್ಲ. ಓಟಿ, ಅಂದರೆ ಮಿತಿ ಮೀರಿದ ಹೊತ್ತಿನ ಕೆಲಸದ ವಿಷಯದಲ್ಲಿ, ಒಂದು ವಾರ 54 ಗಂಟೆ, ಮುಂದಿನ ವಾರ 42 ಗಂಟೆ ಹಾಕಿ ‘ಸರಾಸರಿ 48 ಆಯಿತಲ್ಲ’ ಎನ್ನುವುದನ್ನು ಗಮನಿಸಿ. ವಾರದ ಲೆಕ್ಕದಲ್ಲಿ ಓಟಿ ಕೊಡಬೇಕೆಂಬ ನಿಯಮ ಇರುವ ಕಡೆ ಇದು ನಡೆಯದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂಗಡಿ ಮತ್ತು ಕಚೇರಿ ಕೆಲಸಕ್ಕೆಂದೇ 1930ರಲ್ಲಿ ಮಾಡಿದ 30ನೇ ಒಡಂಬಡಿಕೆಯಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿ ಇದೆ. ಓಟಿಗೆ ಕನಿಷ್ಠ ಒಂದೂಕಾಲು ಪಟ್ಟು ಎಂದಿದೆ. ಎಷ್ಟೋ ಕಡೆಯ ಕಾನೂನು ಇದಕ್ಕಿಂತ ಹೆಚ್ಚನ್ನೇ, ಒಂದೂವರೆ ಅಥವಾ ಎರಡು ಪಟ್ಟು, ಕೊಡಿಸುತ್ತದೆ. ಪುಕ್ಕಟೆ ಹೋಗುತ್ತಿರುವ ನಿಮ್ಮ 32 ನಿಮಿಷವನ್ನು ಸೇರಿಸಿದರೆ ಮಿತಿ ದಾಟುತ್ತದೆಯೇ ನೋಡಿ. ದಾಟಿದರೆ ಆ ನಿಮಿಷಗಳು ಸಾದಾ ದರದವಲ್ಲ, ಓಟಿ ದರದವು.

ಕ್ಲೋಸಿಂಗ್ ಆದ ಮೇಲೆ ಓಪನಿಂಗ್ ಹಾಕುವುದರ ತೊಂದರೆ ದುಡ್ಡಿನದಲ್ಲ, ಮೈಯದು. ರಾತ್ರಿ 10ಕ್ಕೆ ಬಾಗಿಲು ಹಾಕಿ 10:30ಕ್ಕೆ ಹೊರಬಿದ್ದು, 11:15ಕ್ಕೆ ಮನೆ ಸೇರಿ, ಮಲಗುವಾಗ 12 ದಾಟಿರುತ್ತದೆ. ಬೆಳಿಗ್ಗೆ 8ಕ್ಕೆ ಅಂಗಡಿಯಲ್ಲಿರಬೇಕೆಂದರೆ 6ಕ್ಕೆ ಏಳಬೇಕು. ಚಾರ್ಟ್ ಮೇಲೆ ಹತ್ತು ಗಂಟೆ ಬಿಡುವು ಕಾಣುತ್ತದೆ, ನಿದ್ದೆಗೆ ಸಿಗುವುದು ಆರು ಗಂಟೆಗೂ ಕಡಿಮೆ. ಯುರೋಪಿಯನ್ ಒಕ್ಕೂಟದ 2003ರ ಕೆಲಸದ ಹೊತ್ತಿನ ನಿರ್ದೇಶನ ಎರಡು ದಿನಗಳ ನಡುವೆ 11 ಗಂಟೆ ಸತತ ವಿಶ್ರಾಂತಿ ಕೇಳುತ್ತದೆ. ಸಿಯಾಟಲ್ ನಗರ 2017ರಲ್ಲಿ ಜಾರಿಗೆ ತಂದ ನಿಯಮದಲ್ಲಿ ದೊಡ್ಡ ಅಂಗಡಿಗಳು 14 ದಿನ ಮೊದಲೇ ಚಾರ್ಟ್ ಹಾಕಬೇಕು, ಎರಡು ಶಿಫ್ಟ್ ನಡುವೆ 10 ಗಂಟೆ ಬಿಡಬೇಕು, ನೌಕರ ತಾನಾಗಿ ಒಪ್ಪಿ ಬೇಗ ಬಂದರೂ ಕಮ್ಮಿಯಾದ ಗಂಟೆಗಳಿಗೆ ಒಂದೂವರೆ ಪಟ್ಟು ಕೊಡಬೇಕು. ನಿಮ್ಮಲ್ಲಿ ಇಂಥ ಕಾನೂನು ಇಲ್ಲದಿದ್ದರೂ ಕೇಳಲು ಒಂದು ಅಳತೆ ಸಿಕ್ಕಿತು: ‘ಹೊರಬಿದ್ದ ಹೊತ್ತಿನಿಂದ 11 ಗಂಟೆ’. ‘ಅಂಗಡಿ ಮುಚ್ಚಿದ ಹೊತ್ತಿನಿಂದ’ ಎಂದು ಒಪ್ಪಿಕೊಂಡರೆ ಟ್ಯಾಲಿಯ ಹೊತ್ತು ಮತ್ತೆ ನಿಮ್ಮ ತಲೆಗೇ ಬರುತ್ತದೆ.

ಇದರಿಂದ ಅಂಗಡಿಗೆ ನಷ್ಟ ಎಂದು ಮ್ಯಾನೇಜರ್ ಹೇಳಿದರೆ ಒಂದು ಉದಾಹರಣೆ ಇಟ್ಟುಕೊಂಡಿರಿ. ಅಮೆರಿಕದಲ್ಲಿ ಗ್ಯಾಪ್ ಬಟ್ಟೆ ಅಂಗಡಿಗಳ 28 ಶಾಖೆಗಳಲ್ಲಿ ನಡೆದು 2018ರಲ್ಲಿ ಹೊರಬಂದ ಪ್ರಯೋಗದಲ್ಲಿ, ಶಿಫ್ಟ್ ಹೊತ್ತನ್ನು ಸ್ಥಿರಗೊಳಿಸಿದ ಕಡೆ ಮಾರಾಟ ಸುಮಾರು 7% ಏರಿತು.

ಈಗ ಕಾಲಿನ ವಿಷಯ. ಇದನ್ನು ದಯವಿಟ್ಟು ಸಣ್ಣದೆಂದು ಬಿಡಬೇಡಿ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಬಿಟ್ಟು ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ನಿಂತಲ್ಲೇ ನಿಂತರೆ ಆ ಪಂಪ್ ಕೆಲಸ ಮಾಡುವುದಿಲ್ಲ, ರಕ್ತ ಕೆಳಗೆ ತಂಗುತ್ತದೆ, ನೀರು ಸುತ್ತಲಿನ ಮಾಂಸಕ್ಕೆ ಇಳಿದು ಪಾದ ಊದುತ್ತದೆ. ಹಾಗಾಗಿಯೇ ಸ್ಟಾಕ್ ನೋಡುತ್ತ ಓಡಾಡಿದ ದಿನಕ್ಕಿಂತ ಬಿಲ್ಲಿಂಗ್‌ನಲ್ಲಿ ನಿಂತ ದಿನ ಊತ ಹೆಚ್ಚು. ವರ್ಷಗಟ್ಟಲೆ ಹೀಗಾದರೆ ರಕ್ತನಾಳಗಳ ಕವಾಟ ಸಡಿಲಗೊಂಡು ವೆರಿಕೋಸ್ ವೇನ್ಸ್, ಅಂದರೆ ಕಾಲಿನ ರಕ್ತನಾಳ ಉಬ್ಬುವ ತೊಂದರೆ ಆಗಬಹುದು. ಎರಡೂ ಕಾಲು ಸಂಜೆ ಊದಿ ಬೆಳಿಗ್ಗೆ ಇಳಿದರೆ ಅದು ಹೆಚ್ಚಾಗಿ ನಿಂತದ್ದರ ಊತ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ವೈದ್ಯರಿಗೆ ತೋರಿಸಿ.

ಕೌಂಟರ್ ಹಿಂದೆ 10ರಿಂದ 15 ಸೆಂಟಿಮೀಟರ್ ಎತ್ತರದ ಮರದ ಹಲಗೆಯನ್ನೋ ಗಟ್ಟಿ ಪೆಟ್ಟಿಗೆಯನ್ನೋ ಇಟ್ಟು, ಒಂದು ಪಾದವನ್ನು ಅದರ ಮೇಲಿಟ್ಟು ನಿಲ್ಲಿ, ಕೆಲ ನಿಮಿಷಕ್ಕೊಮ್ಮೆ ಪಾದ ಬದಲಿಸಿ. ಖರ್ಚಿಲ್ಲದ ಈ ಉಪಾಯದಿಂದ ಸೊಂಟದ ಬಾಗು ಕಮ್ಮಿಯಾಗುವುದು ಬೇಗ ಗೊತ್ತಾಗುತ್ತದೆ. ಬಿಲ್ ಪ್ರಿಂಟ್ ಆಗುವಷ್ಟರಲ್ಲಿ ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ, ಮೀನಖಂಡದ ಪಂಪ್ ಶುರುವಾಗುತ್ತದೆ. ಕಲ್ಲಿನ ನೆಲಕ್ಕೆ ರಬ್ಬರ್ ಹಾಸು ಕೇಳುವುದಾದರೆ ಒಂದೂವರೆ ಎರಡು ಸೆಂಟಿಮೀಟರ್ ದಪ್ಪದ್ದು, ಅಂಚು ಇಳಿಜಾರಾಗಿರುವುದು ಬೇಕು. ಹಾಸಿಗೆಯಂತೆ ಮೆತ್ತಗಿದ್ದರೆ ಕಾಲು ಇನ್ನೂ ದಣಿಯುತ್ತದೆ, ಅಂಚು ನೇರವಾಗಿದ್ದರೆ ಎಡವುತ್ತೀರಿ. ಶೂ ಕೊಳ್ಳುವುದು ಸಂಜೆ, ಪಾದ ಊದಿರುವ ಹೊತ್ತಿಗೆ. ಬೆಳಿಗ್ಗೆ ಸರಿಹೋದ ಅಳತೆ ಸಂಜೆ ಕಚ್ಚುತ್ತದೆ. ಪೂರ್ತಿ ಚಪ್ಪಟೆ ಅಟ್ಟೆಯೂ ಬೇಡ, 5 ಸೆಂಟಿಮೀಟರ್ ಮೀರಿದ ಹಿಮ್ಮಡಿಯೂ ಬೇಡ. ಕಾಲು ಬಿಗಿಯುವ ಸಾಕ್ಸ್ ಊತ ತಡೆಯುತ್ತದೆ, ಆದರೆ ಸಕ್ಕರೆ ಕಾಯಿಲೆ ಅಥವಾ ಕಾಲಿನ ರಕ್ತಸಂಚಾರದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹಾಕಬಾರದು. ಟಾಯ್ಲೆಟ್‌ಗೆ ಬಿಡುವುದಿಲ್ಲ ಎಂದು ನೀರು ಕುಡಿಯುವುದನ್ನೇ ಬಿಟ್ಟವರು, ಅದರಲ್ಲೂ ಹೆಣ್ಣುಮಕ್ಕಳು, ಬಹಳ. ಮೂತ್ರದ ಸೋಂಕಿಗೆ ಅದು ನೇರ ದಾರಿ. ಟಾಯ್ಲೆಟ್‌ಗೆ ಅನುಮತಿ ಕೇಳಬೇಕಾದ ಪದ್ಧತಿಯನ್ನು ಯಾರೂ ಸಹಿಸಬೇಕಿಲ್ಲ.

ಕೂರಲು ಸ್ಟೂಲ್ ಕೇಳುವುದು ಹೊಸ ಬೇಡಿಕೆಯೇನಲ್ಲ. ಅಂಗಡಿಯ ಹೆಣ್ಣು ನೌಕರರು ಮೂವರಿಗೆ ಒಂದರಂತೆ ಆಸನ ಇಡಬೇಕು ಎಂದು ಬ್ರಿಟನ್ 1899ರಲ್ಲೇ ಕಾನೂನು ಮಾಡಿತ್ತು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕನ್ನು ತಮ್ಮ ಕಾಯ್ದೆಗಳಲ್ಲೇ ಬರೆದವು.

ಸ್ಟಾಕ್ ಎತ್ತುವ ಬಗ್ಗೆ ಒಂದೇ ಮಾತು. ಕೆಲಸದ ಜಾಗದ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಸೂತ್ರದಲ್ಲಿ ಎತ್ತಬಹುದಾದ ಗರಿಷ್ಠ ತೂಕ 23 ಕೆಜಿ. ಅದು ಭಾರ ಮೈಗೆ ತಾಗಿಕೊಂಡು, ಸೊಂಟದ ಸುಮಾರಿಗೆ ಇದ್ದು, ಮೈ ತಿರುಚದೆ ಎತ್ತುವಾಗ. ಕೈ ಚಾಚಿ 50 ಸೆಂಟಿಮೀಟರ್ ದೂರದಿಂದ ಎತ್ತಿದರೆ ಮಿತಿ ಅರ್ಧಕ್ಕೆ, 11.5 ಕೆಜಿಗೆ ಇಳಿಯುತ್ತದೆ. ಭಾರದ ಪೆಟ್ಟಿಗೆ ಮೊಣಕಾಲಿಗಿಂತ ಕೆಳಗೆ, ಹೆಗಲಿಗಿಂತ ಮೇಲೆ ಇರದಂತೆ ಜೋಡಿಸಲು ಹೇಳಿ.

ಕ್ಯಾಶ್ ಕಮ್ಮಿಯ ವಿಷಯಕ್ಕೆ ಬರೋಣ. ಸಂಬಳದಿಂದ ಹಿಡಿಯುವುದು ಕಾನೂನು, ಸಾಮೂಹಿಕ ಒಪ್ಪಂದ ಅಥವಾ ಮಧ್ಯಸ್ಥಿಕೆ ತೀರ್ಪು ಹೇಳಿದಷ್ಟಕ್ಕೆ ಮಾತ್ರ ಎಂದು ಸಂಬಳ ರಕ್ಷಣೆಯ 1949ರ ಅಂತಾರಾಷ್ಟ್ರೀಯ ಒಡಂಬಡಿಕೆ ಹೇಳುತ್ತದೆ. ಆದರೆ ಹಿಡಿಯುವ ಮಾತೇ ಬರದಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ಗಲ್ಲಾ ಪೆಟ್ಟಿಗೆ ತೆಗೆದುಕೊಳ್ಳುವಾಗ ಒಳಗಿರುವ ಚಿಲ್ಲರೆಯನ್ನು ಇನ್ನೊಬ್ಬರೆದುರು ಎಣಿಸಿ, ಚೀಟಿಯಲ್ಲಿ ನೋಟು ನೋಟಾಗಿ ಬರೆದು ಇಬ್ಬರೂ ಸಹಿ ಹಾಕಿ. ‘ನಿನ್ನೆ ರಾತ್ರಿ ಎಣಿಸಿದ್ದೇವೆ, ಹಾಗೇ ಶುರುಮಾಡಿ’ ಎಂದರೆ ಒಪ್ಪಬೇಡಿ. ಒಂದು ಪೆಟ್ಟಿಗೆಗೆ ಒಬ್ಬರೇ. ಊಟಕ್ಕೆ ಎದ್ದರೆ ಲಾಗ್ ಔಟ್ ಮಾಡಿ ಬೀಗ ಹಾಕಿ. ನಾಲ್ವರು ಒಂದೇ ಲಾಗಿನ್‌ನಲ್ಲಿ ಬಿಲ್ ಮಾಡುವ ಕೌಂಟರ್‌ನಲ್ಲಿ ಕಮ್ಮಿ ಬಂದರೆ ಯಾರ ಹೆಸರಿಗೂ ಅದನ್ನು ಹಚ್ಚಲಾಗದು, ಈ ಮಾತನ್ನು ಮೊದಲೇ ಬರೆದು ಕೊಡಿ.

ಕಮ್ಮಿ ಬಂದ ದಿನ ನೋಟು ಮತ್ತೆ ಮತ್ತೆ ಎಣಿಸುವ ಮೊದಲು ಕಾರ್ಡ್ ಯಂತ್ರದ ಒಟ್ಟು ಮೊತ್ತ ನೋಡಿ. ಕ್ಯಾಶ್ ಎಷ್ಟು ಕಮ್ಮಿಯೋ ಕಾರ್ಡ್ ಅಷ್ಟೇ ಹೆಚ್ಚಿದ್ದರೆ, ಕಾರ್ಡ್‌ನಲ್ಲಿ ಕೊಟ್ಟ ಬಿಲ್ಲನ್ನು ಕ್ಯಾಶ್ ಎಂದು ಹೊಡೆದಿದ್ದೀರಿ, ದುಡ್ಡು ಎಲ್ಲಿಗೂ ಹೋಗಿಲ್ಲ. ವ್ಯತ್ಯಾಸ ಒಂಬತ್ತರಿಂದ ಪೂರ್ತಿ ಭಾಗವಾದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು: 540 ಬರೆಯುವಲ್ಲಿ 450 ಬರೆದರೆ ವ್ಯತ್ಯಾಸ 90. ಶುರುವಿನ ಚಿಲ್ಲರೆಯಷ್ಟೇ ಮೊತ್ತ ಹೆಚ್ಚೋ ಕಮ್ಮಿಯೋ ಬಂದರೆ ಅದನ್ನು ಕಳೆಯಲು ಮರೆತಿದ್ದೀರಿ ಅಥವಾ ಎರಡು ಸಲ ಕಳೆದಿದ್ದೀರಿ. ಇವು ಮೂರೂ ಅಲ್ಲದಿದ್ದರೆ ಆಮೇಲೆ ರದ್ದಾದ ಬಿಲ್ಲುಗಳ ಪಟ್ಟಿ ತೆಗೆಸಿ. ಹಿಡಿಯುವುದಕ್ಕೆ ಒಪ್ಪಿಗೆ ಎಂಬ ಕಾಗದಕ್ಕೆ ಆ ರಾತ್ರಿಯೇ ಸಹಿ ಹಾಕಬೇಡಿ, ‘ಲೆಕ್ಕ ನೋಡಿ ಹೇಳುತ್ತೇನೆ’ ಎನ್ನಿ.

ಕೇಳುವ ದಾರಿ. ಒಬ್ಬರೇ ಹೋಗಬೇಡಿ, ಮೂವರಾದರೂ ಹೋಗಿ. ಕ್ಲೋಸಿಂಗ್ ಹೊತ್ತಿಗೆ ಬೇಡ, ವಾರದ ಖಾಲಿ ದಿನದ ಮಧ್ಯಾಹ್ನ ಹೋಗಿ. ನಾಲ್ಕೂ ದೂರನ್ನು ಒಟ್ಟಿಗೆ ಹೇಳಿದರೆ ಅವರು ಅತಿ ಸುಲಭವಾದ ಒಂದನ್ನು ಹಿಡಿದು ಉಳಿದದ್ದನ್ನು ಮರೆಸುತ್ತಾರೆ. ಅವರಿಗೆ ಜಾರಿ ಮಾಡಲು ಹಗುರವಾದದ್ದನ್ನು ನೀವೇ ಆರಿಸಿ: ಮೀಟಿಂಗ್‌ಗೆ ಮೊದಲೇ ಪಂಚ್ ಇನ್, ಟ್ಯಾಲಿ ಆದ ಮೇಲೆ ಪಂಚ್ ಔಟ್. ಇದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಆದೇಶವೂ ಬೇಡ. ಮಾತಾಡಿದ ದಿನವೇ ಇಮೇಲೋ ಕಾಗದವೋ ಹೋಗಲಿ:

‘ಇಂದು ಮಾತಾಡಿದಂತೆ, ಬೆಳಗಿನ ಮೀಟಿಂಗ್ ಮತ್ತು ರಾತ್ರಿ ಟ್ಯಾಲಿಯ ಹೊತ್ತು ಪಂಚ್‌ನಲ್ಲಿ ಬರುತ್ತಿಲ್ಲ. ಕಳೆದ ತಿಂಗಳು ಅದು ನನ್ನ ಲೆಕ್ಕದಲ್ಲಿ ಇಷ್ಟು ಗಂಟೆ ಇಷ್ಟು ನಿಮಿಷ. ಮುಂದಿನ ಸೋಮವಾರದಿಂದ ಇದನ್ನು ಪಂಚ್‌ಗೆ ಸೇರಿಸಬೇಕೆಂದು, ಹಿಂದಿನದನ್ನು ಮುಂದಿನ ಸಂಬಳದಲ್ಲಿ ಸರಿಪಡಿಸಬೇಕೆಂದು ಕೋರುತ್ತೇವೆ.’

ಆರೋಪದ ಮಾತು ಒಂದೂ ಬೇಡ. ಟ್ಯಾಲಿ ಮಾಡುವುದಿಲ್ಲ ಎಂದು ನಿಲ್ಲಿಸಲೂ ಬೇಡ, ಅವಿಧೇಯತೆ ಎಂಬ ನೆಪ ಅಲ್ಲಿಂದಲೇ ಹುಟ್ಟುತ್ತದೆ. ಮೊದಲೇ ತುಂಬಿಟ್ಟ ಟೈಮ್ ಶೀಟ್‌ಗೆ ಸಹಿ ಕೇಳಿದರೆ ಸಹಿಯ ಪಕ್ಕ ‘ಸಂಬಳ ಪಡೆದಿದ್ದೇನೆ, ಗಂಟೆಗಳ ಲೆಕ್ಕ ಒಪ್ಪಿಲ್ಲ’ ಎಂದು ಬರೆಯಿರಿ. ಎರಡು ವಾರಕ್ಕೆ ಉತ್ತರ ಬರದಿದ್ದರೆ ಪ್ರಧಾನ ಕಚೇರಿಯ ಎಚ್‌ಆರ್‌ಗೆ, ಅದಕ್ಕೂ ಎರಡು ವಾರ ಕೊಟ್ಟು ಕಾರ್ಮಿಕ ಇಲಾಖೆಗೆ, ಅಥವಾ ಸಂಘವಿದ್ದರೆ ಸಂಘಕ್ಕೆ. ಬಾಕಿ ಸಂಬಳ ಕೇಳಲು ಸಾಮಾನ್ಯವಾಗಿ ಕಾಲಮಿತಿ ಇರುತ್ತದೆ. ಅಮೆರಿಕದ ಒಕ್ಕೂಟದ ಕಾನೂನಿನಲ್ಲಿ ಅದು 2 ವರ್ಷ, ಬೇಕೆಂದೇ ತಪ್ಪಿಸಿದ್ದಕ್ಕೆ 3 ವರ್ಷ. ನಿಮ್ಮಲ್ಲಿ ಎಷ್ಟೆಂದು ಈ ವಾರವೇ ತಿಳಿದುಕೊಳ್ಳಿ. ಕೆಲಸ ಬಿಟ್ಟ ಮೇಲೆ ಕೇಳೋಣ ಎಂದು ಕೂತವರ ಹಳೆಯ ತಿಂಗಳುಗಳು ಒಂದೊಂದಾಗಿ ಅವಧಿ ಮೀರುತ್ತ ಹೋಗುತ್ತವೆ.

ಕೆಲಸ ಹೋಗುತ್ತದೆಯೇ ಎಂಬ ನಿಮ್ಮ ಭಯಕ್ಕೆ ನೇರವಾಗಿ ಹೇಳುತ್ತೇವೆ. ಗಂಟೆ ಲೆಕ್ಕದವರನ್ನು ತೆಗೆದುಹಾಕುವುದು ಕಮ್ಮಿ. ಸಿಟ್ಟು ಬೇರೆ ದಾರಿಯಲ್ಲಿ ಬರುತ್ತದೆ: ವಾರಕ್ಕೆ 48 ಗಂಟೆ ಇದ್ದದ್ದು 40 ಆಗುತ್ತದೆ, ಮುಂದೆ 32 ಆಗುತ್ತದೆ, ವೀಕ್ ಆಫ್ ಬದಲಾಗುತ್ತದೆ, ಕ್ಲೋಸಿಂಗ್ ಎಲ್ಲ ನಿಮ್ಮ ಹೆಸರಿಗೇ ಬೀಳುತ್ತದೆ. ಕಾರಣ ಕೇಳಿದರೆ ‘ಈಗ ವ್ಯಾಪಾರ ಡಲ್’ ಎನ್ನುತ್ತಾರೆ. ಅದಕ್ಕಾಗಿ ಕಾಗದ ಕೊಡುವ ಹಿಂದಿನ ಎಂಟು ವಾರ ನಿಮಗೆ ಸಿಕ್ಕ ಗಂಟೆಗಳನ್ನು ಅದೇ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ, ಜೊತೆಗೆ ಕಾಗದಕ್ಕೆ ಸಹಿ ಹಾಕದ ಇಬ್ಬರು ಸಹೋದ್ಯೋಗಿಗಳ ಗಂಟೆಗಳನ್ನೂ ಚಾರ್ಟ್ ನೋಡಿ ಬರೆಯಿರಿ. ಕಾಗದ ಕೊಟ್ಟ ಮೇಲಿನ ಎಂಟು ವಾರವೂ ಹಾಗೇ ಬರೆಯಿರಿ. ಅವರ ಗಂಟೆ ಹಾಗೇ ಇದ್ದು ನಿಮ್ಮದು ಮಾತ್ರ ಇಳಿದಿದ್ದರೆ ‘ಡಲ್’ ಎಂಬ ಮಾತು ನಿಲ್ಲುವುದಿಲ್ಲ. ಕಾರ್ಮಿಕ ಅಧಿಕಾರಿಯ ಮುಂದೆ ಆ ಪುಟವನ್ನು ಮೊದಲು ತೆರೆದು ತೋರಿಸಿ.